ವೇಳಾಪಟ್ಟಿಯ ಇಂಗ್ಲಿಷ್

ತುಮಕೂರು ರಸ್ತೆಯ ಮಾಕಳಿಯಲ್ಲಿ ನನ್ನ ವಾಸ. ಪಕ್ಕದ ಮನೆಯ ಏಳನೆಯ ತರಗತಿಯ ಹುಡುಗಿ ಮೊನ್ನೆ ಇಂಗ್ಲಿಷ್ ಸಂಭಾಷಣೆಯ ಪುಸ್ತಕವೊಂದನ್ನು ಹಿಡಿದು ಬಂದಳು. “ತಾತ, ಇದಿಷ್ಟೂ ಬಾಯಿಪಾಠವಾಗಿದೆ, ಯಾರಾದರೂ ಮಾತಾಡಿಸಿದರೆ ಮಾತ್ರ ನಾಲಗೆ ಹೊರಳುವುದಿಲ್ಲ” ಎಂದಳು. ಕನ್ನಡದ ಮೇಷ್ಟರಾದ ನನಗೂ ಇಂಗ್ಲಿಷ್ ಕಣ್ಣಿಗೆ ಒಲಿಯಿತೇ ಹೊರತು ನಾಲಗೆಗೆ ಒಲಿಯಲಿಲ್ಲ.

ಈ ತೊಡಕಿಗೆ ಒಮ್ಮೆ ನಮ್ಮ ಬೆಂಗಳೂರೇ ಉತ್ತರ ಹುಡುಕಿತ್ತು. 1963ರಲ್ಲಿ ಇಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಸ್ಥಾಪನೆಯಾಯಿತು. ಆಗ ಎಲ್ಲೆಡೆ ವಾಕ್ಯರಚನೆಗಳನ್ನು ಒಂದೊಂದಾಗಿ ಉರು ಹೊಡೆಸುವ ಪದ್ಧತಿ. ಅದರಲ್ಲಿ ತೃಪ್ತಿ ಕಾಣದ ಎನ್. ಎಸ್. ಪ್ರಭು ಅವರು ಈ ಸಂಸ್ಥೆಯ ನೆರವಿನಿಂದ 1979ರಿಂದ 1984ರವರೆಗೆ ದಕ್ಷಿಣದ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗಕ್ಕೆ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರಾಯಿತು. ಅಲ್ಲಿ ಮಕ್ಕಳ ಮುಂದಿಟ್ಟದ್ದು ಸಿದ್ಧ ಸಂಭಾಷಣೆಯನ್ನಲ್ಲ. ರೈಲಿನ ವೇಳಾಪಟ್ಟಿ, ನಕಾಶೆ ಮುಂತಾದುವನ್ನು. ಉಪಾಧ್ಯಾಯರು ಇಡೀ ತರಗತಿಯೊಡನೆ ಪ್ರಶ್ನೋತ್ತರದಲ್ಲಿ ಒಂದು ಸಮಸ್ಯೆಯನ್ನು ಬಿಡಿಸುವರು. ಅಂಥದೇ ಇನ್ನೊಂದನ್ನು ಮಕ್ಕಳು ತಾವಾಗಿ ಬಿಡಿಸಬೇಕು. ಮನಸ್ಸು ಅರ್ಥದಲ್ಲಿ ನೆಟ್ಟಾಗ ವ್ಯಾಕರಣ ತಾನೇ ಒಳಗಿಳಿಯುವುದೆಂದು ಪ್ರಭು ನಂಬಿದ್ದರು. ಮಕ್ಕಳನ್ನು ಗುಂಪುಗೂಡಿಸಿ ಮಾತಾಡಿಸುವುದು ಅವರಿಗೆ ಒಪ್ಪಿಗೆಯಿರಲಿಲ್ಲ. ಇಲ್ಲಿ ಮಾತ್ರ ನನಗೆ ಸಮಾಧಾನವಿಲ್ಲ. ಮಾತು ಒಂಟಿಯಾಗಿ ಬಲಿತೀತೆ?

ಪುಸ್ತಕವನ್ನು ಮುಚ್ಚಿಸಿ, ಯಶವಂತಪುರದಿಂದ ತುಮಕೂರಿಗೆ ಹೋಗುವ ರೈಲುಗಳ ಪಟ್ಟಿಯನ್ನು ಅವಳ ಮುಂದಿಟ್ಟೆ. ಹತ್ತು ಗಂಟೆಯ ಮದುವೆಗೆ ಯಾವ ಗಾಡಿ ಹಿಡಿಯಬೇಕೆಂದು ಇಂಗ್ಲಿಷಿನಲ್ಲೇ ಕಾಲು ಗಂಟೆ ವಾದಿಸಿದೆವು. ಅವಳ ವಾಕ್ಯಗಳು ಅರ್ಧಕ್ಕರ್ಧ ತಪ್ಪು. ಗಾಡಿ ಮಾತ್ರ ಸರಿಯಾಗಿತ್ತು.