ಗಂಡ ಹೆಂಡತಿಗೆ ಹೊಡೆಯಲು ಕುಡಿತವೊಂದೇ ಕಾರಣವೇ?

‘ಕುಡಿತ ನಿಂತರೆ ಮನೆಯಲ್ಲಿ ಹೊಡೆತ ನಿಲ್ಲುತ್ತದೆ’ ಎಂಬರ್ಥದ ಸಂದೇಶಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಹರಿದಾಡುತ್ತವೆ. ನಿಮಗೂ ಬಂದಿರಬಹುದು. ಇದು ಅರ್ಧ ಸತ್ಯ.

ಸತ್ಯದ ಭಾಗವನ್ನು ಮೊದಲು ನೋಡೋಣ. 2019-21ರಲ್ಲಿ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಗಂಡ ಪದೇ ಪದೇ ಕುಡಿದು ಬರುವ ಮನೆಗಳಲ್ಲಿ ಹಿಂಸೆ ಬಹಳ ಹೆಚ್ಚು. ಆದರೆ ಕುಡಿತವನ್ನೇ ಮುಟ್ಟದ ಗಂಡಂದಿರ ಹೆಂಡತಿಯರಲ್ಲೂ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾರೆ. ಇವರ ಮನೆಯಲ್ಲಿ ಬಾಟಲಿಯೇ ಇಲ್ಲವಲ್ಲ!

ಪಕ್ಕದ ಗೋವಾವನ್ನೇ ತೆಗೆದುಕೊಳ್ಳಿ. ಅಲ್ಲಿ ಸುಮಾರು 37% ಗಂಡಸರು ಮದ್ಯ ಸೇವಿಸುತ್ತಾರೆ. ಗಂಡನಿಂದ ಹಿಂಸೆಯಾಗಿದೆ ಎಂದ ಮಹಿಳೆಯರು ಸುಮಾರು 8%. ಕರ್ನಾಟಕದಲ್ಲಿ ಮದ್ಯ ಸೇವಿಸುವ ಗಂಡಸರು ಸುಮಾರು 17%; ಹಿಂಸೆಯಾಗಿದೆ ಎಂದ ಮಹಿಳೆಯರು 44%. ದೇಶದಲ್ಲೇ ಇದು ಅತಿ ಹೆಚ್ಚು. ಬಾಯಿಬಿಟ್ಟು ಹೇಳಿದ್ದು ಮಾತ್ರ ಸಮೀಕ್ಷೆಯಲ್ಲಿ ದಾಖಲಾಗುತ್ತದೆ, ಹಾಗಾಗಿ ರಾಜ್ಯಗಳ ಹೋಲಿಕೆಯನ್ನು ಸ್ವಲ್ಪ ಎಚ್ಚರದಿಂದಲೇ ಓದಬೇಕು. ಆದರೂ ಇಷ್ಟು ದೊಡ್ಡ ಅಂತರಕ್ಕೆ ಕುಡಿತ ಉತ್ತರವಾಗಲಾರದು.

ಹಾಗಾದರೆ ಉತ್ತರ ಎಲ್ಲಿದೆ? ಅದೇ ಸಮೀಕ್ಷೆ ಇನ್ನೊಂದು ಪ್ರಶ್ನೆ ಕೇಳಿತ್ತು. ಹೆಂಡತಿ ಹೇಳದೆ ಹೊರಗೆ ಹೋದರೆ, ಎದುರು ಮಾತಾಡಿದರೆ, ಅಡುಗೆ ಸರಿ ಮಾಡದಿದ್ದರೆ, ಅತ್ತೆ-ಮಾವನಿಗೆ ಗೌರವ ಕೊಡದಿದ್ದರೆ ಗಂಡ ಹೊಡೆಯುವುದು ಸರಿಯೇ? ಇಂಥ ಏಳು ಕಾರಣಗಳಲ್ಲಿ ಒಂದಕ್ಕಾದರೂ ‘ಸರಿ’ ಎಂದವರು ಕರ್ನಾಟಕದಲ್ಲಿ ಸುಮಾರು 82% ಗಂಡಸರು, 77% ಹೆಂಗಸರು. ದೇಶದ ಸರಾಸರಿ ಇಬ್ಬರಲ್ಲೂ 45%ರ ಆಸುಪಾಸಿನಲ್ಲಿದೆ.

ನಮ್ಮನ್ನು ಹೆಚ್ಚು ಕಾಡಿದ್ದು ಹೆಂಗಸರ ಉತ್ತರ. ಹೊಡೆಸಿಕೊಂಡವಳು ತವರಿಗೆ ಬಂದರೆ ‘ನೀನೇನು ಮಾಡಿದ್ದೆ?’ ಎಂಬ ಪ್ರಶ್ನೆ ಮೊದಲು ಬರುತ್ತದೆ, ‘ಹೊಂದಿಕೊಂಡು ಹೋಗಮ್ಮ’ ಎಂಬ ಬುದ್ಧಿಮಾತು ಅದರ ಹಿಂದೆಯೇ. ಹೆಂಡತಿಯನ್ನು ‘ತಿದ್ದುವುದು’ ಗಂಡನ ಹಕ್ಕು ಎಂದು ಎರಡೂ ಮನೆಯವರು ಒಪ್ಪಿಕೊಂಡಿರುವಾಗ ಕೈ ಎತ್ತಲು ಅಮಲು ಬೇಕಿಲ್ಲ. ಕುಡಿದಿದ್ದರೂ ಬಹುತೇಕರು ತಮ್ಮ ಮೇಲಧಿಕಾರಿಯ ಮೇಲೆ ಕೈ ಮಾಡುವುದಿಲ್ಲ. ಯಾರ ಮೇಲೆ ಕೈ ಮಾಡಬಹುದು ಎಂಬುದು ಅಮಲಿನಲ್ಲೂ ಗೊತ್ತಿರುತ್ತದೆ.

ದೇಶದಲ್ಲಿ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದವರಲ್ಲಿ ನೆರವು ಕೇಳಿದವರು ಸುಮಾರು 14% ಮಾತ್ರ. ಹೆಚ್ಚಿನವರು ಯಾರಿಗೂ ಹೇಳಿಯೇ ಇಲ್ಲ.

2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಗೆ ಗಂಡ ಕುಡಿದಿದ್ದನೇ ಇಲ್ಲವೇ ಎಂಬುದು ಮುಖ್ಯವಲ್ಲ. ಹೊಡೆತದ ಜೊತೆಗೆ ಬೈಗುಳ, ಬೆದರಿಕೆ, ಖರ್ಚಿಗೆ ಹಣ ಕೊಡದೆ ಸತಾಯಿಸುವುದು ಕೂಡ ಅದರ ಪ್ರಕಾರ ಹಿಂಸೆಯೇ. ದೂರು ಕೊಟ್ಟಳೆಂದು ಹೆಂಡತಿಯನ್ನು ಮನೆಯಿಂದ ಹೊರಹಾಕುವಂತಿಲ್ಲ.

ಆ ಸಂದೇಶ ಮತ್ತೆ ಬಂದರೆ ಈ ಎರಡು ಸಂಖ್ಯೆ ಸೇರಿಸಿ ಮುಂದಕ್ಕೆ ಕಳುಹಿಸಿ: ಮಹಿಳಾ ಸಹಾಯವಾಣಿ 181, ತುರ್ತು ಕರೆ 112.