ಹಾಡು ಕೇಳುವ ಕೋಣೆಗೆ ಕುಬಟೂರಿನ ಪಾಠ

ಸೊರಬ ತಾಲ್ಲೂಕಿನ ಕುಬಟೂರಿನಲ್ಲಿರುವ ಕೈಟಭೇಶ್ವರ ದೇವಾಲಯ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದ್ದು, ಸುಮಾರು ಕ್ರಿ.ಶ. 1100ರ ಕಟ್ಟಡ. ಅದರ ವಿಶಾಲ ಮಂಟಪದಲ್ಲಿ ಕಡೆದ ಕಂಬಗಳ ಸಾಲುಂಟು, ಅಂಚಿನಲ್ಲಿ ಕಕ್ಷಾಸನಗಳುಂಟು. ಸುತ್ತ ಆಳೆತ್ತರದ ಗೋಡೆಯಿಲ್ಲ. ಇಂಥ ತೆರೆದ ಮಂಟಪದಲ್ಲಿ ಮೃದಂಗ ನುಡಿದರೆ ನಾದದ ಬಹುಪಾಲು ಕಂಬಗಳ ನಡುವಿನಿಂದ ಬಯಲಿಗೆ ಸಾಗುತ್ತದೆ. ಹಿಂತಿರುಗಿ ಬಂದು ಮುಂದಿನ ಪೆಟ್ಟನ್ನು ಮಸುಕುಗೊಳಿಸುವುದು ಕಡಿಮೆ.

ಇದಕ್ಕೆ ತದ್ವಿರುದ್ಧ, ವಿಜಯಪುರದ ಗೋಳಗುಮ್ಮಟ. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಶಾಹನ ಈ ಸಮಾಧಿಯಲ್ಲಿ ಒಂದು ಚಪ್ಪಾಳೆ ಹಲವು ಬಾರಿ ಮಾರ್ದನಿಗೊಳ್ಳುತ್ತದೆ. ನೋಡುಗರಿಗೆ ಅದು ಸೋಜಿಗ. ಸಂಗೀತಕ್ಕೆ ಮಾತ್ರ ಶತ್ರು.

ತೆರೆದ ಜಗಲಿ, ಸಂದುಗಳುಳ್ಳ ಹೆಂಚಿನ ಮಾಡು, ಮರದ ಅಟ್ಟ ಇದ್ದ ಮಲೆನಾಡಿನ ಹಳೆಯ ಮನೆಗಳು ಕುಬಟೂರಿಗೆ ಹತ್ತಿರ. ಸಿಮೆಂಟ್ ಗೋಡೆ, ಗ್ರಾನೈಟ್ ನೆಲ, ಗಾಜಿನ ಕಿಟಕಿಗಳ ತಾರಸಿ ಮನೆ ಗುಮ್ಮಟಕ್ಕೆ ಹತ್ತಿರ. ಅಲ್ಲಿ ಹಾಡು ಕಲಸಿಹೋದರೆ ನಾವು ದೂರುವುದು ಸ್ಪೀಕರನ್ನು. ತಪ್ಪು ಹಲವು ವೇಳೆ ಕೋಣೆಯದು.

ಇದನ್ನು ಅಳೆದು ತೋರಿಸಿದವರು ಅಮೆರಿಕದ ವಾಲೇಸ್ ಸಬೈನ್. 1895ರಲ್ಲಿ ಹಾರ್ವರ್ಡ್‌ನ ಉಪನ್ಯಾಸ ಕೋಣೆಯೊಂದರಲ್ಲಿ ಮಾತು ಐದೂವರೆ ಸೆಕೆಂಡು ಗುಂಯ್‌ಗುಡುತ್ತಿತ್ತು. ಪಕ್ಕದ ರಂಗಮಂದಿರದ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಹರಡಿದಾಗ ಆ ಅವಧಿ ಇಳಿಯಿತು. ಮೆತ್ತನೆಯ ವಸ್ತು ದನಿಯನ್ನು ಹೀರುತ್ತದೆ ಎಂಬುದಕ್ಕೆ ಹೀಗೆ ಲೆಕ್ಕ ಸಿಕ್ಕಿತು.

ಆದರೆ ಮಂದ್ರ ಸ್ವರ ಸುಲಭಕ್ಕೆ ಬಗ್ಗದು. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಸೆಕೆಂಡಿಗೆ 50 ಬಾರಿ ಕಂಪಿಸುವ ಸ್ವರದ ಅಲೆಯ ಉದ್ದ 6.8 ಮೀಟರ್. ಅದರರ್ಧ, ಅಂದರೆ 3.4 ಮೀಟರ್ ಉದ್ದದ ಕೋಣೆ ಸಿಕ್ಕರೆ ಆ ಅಲೆ ಎದುರುಬದುರು ಗೋಡೆಗಳ ನಡುವೆ ನೆಲೆನಿಂತು ಮೊರೆಯುತ್ತದೆ: ಗೋಡೆಯ ಬಳಿ ಗುಡುಗು, ನಟ್ಟನಡುವೆ ಬಹುತೇಕ ಮೌನ. ತೆಳು ಜಮಖಾನ, ಕಿಟಕಿ ಪರದೆ, ಗೋಡೆಗಂಟಿಸಿದ ಮೊಟ್ಟೆಯ ಟ್ರೇ ಇವು ತಾರ ಸ್ವರಗಳನ್ನಷ್ಟೇ ಒಂದಿಷ್ಟು ತಗ್ಗಿಸಬಲ್ಲವು. ಟ್ರೇಗಳಿಗೆ ಬೆಂಕಿ ಬೇಗ ಹತ್ತುತ್ತದೆಂಬ ಅಪಾಯ ಬೇರೆ.

ಹಾಗಾದರೆ ಮಾಡಬೇಕಾದ್ದೇನು? ಮೊದಲು ಸ್ಪೀಕರನ್ನು ಮೂಲೆಯಿಂದ ಈಚೆಗೆ ಎಳೆಯಿರಿ. ಗೋಡೆಗೆ ಒರಗಿಯೂ ಕೂರಬೇಡಿ, ಕೋಣೆಯ ನಟ್ಟನಡುವೆಯೂ ಬೇಡ. ಮಂದ್ರ ಮೊರೆತ ಕೂಡಿಕೊಳ್ಳುವ ಮೂಲೆಗಳಲ್ಲಿ ದಪ್ಪ ಹತ್ತಿಯ ಹಾಸಿಗೆಯನ್ನು ನಿಲ್ಲಿಸಿ ನೋಡಿ. ಸ್ಪೀಕರಿನ ದನಿ ಮೊದಲು ಬಡಿಯುವ ಪಕ್ಕದ ಗೋಡೆಗೆ ದಪ್ಪ ಕಂಬಳಿ ತೂಗುಹಾಕಿ. ಹಿಂದಿನ ಗೋಡೆಗೆ ಪುಸ್ತಕದ ಕಪಾಟು ಇರಲಿ.

ಖರ್ಚೇ ಇಲ್ಲದ ಉಪಾಯವೂ ಒಂದುಂಟು. ನೆರೆಯವರಿಗೆ ತೊಂದರೆಯಾಗದಿದ್ದರೆ ಬಾಗಿಲು ತೆರೆದಿಡಿ. ನಾದಕ್ಕೆ ಹೊರಹೋಗಲು ದಾರಿ ಬೇಕೆಂಬುದನ್ನು ಕುಬಟೂರಿನ ಮಂಟಪ ಒಂಬತ್ತು ಶತಮಾನಗಳಿಂದ ತೋರುತ್ತಲೇ ಇದೆ.