ಪ್ರೆಟಿ ವುಮನ್: ದ ಮ್ಯೂಸಿಕಲ್

1990ರ ಹಾಲಿವುಡ್ ಪ್ರೇಮಚಿತ್ರ ‘ಪ್ರೆಟಿ ವುಮನ್’ ಅನ್ನು ಆಧರಿಸಿದ ಅಮೆರಿಕದ ಸಂಗೀತ ಹಾಸ್ಯನಾಟಕ. ನಾಟಕ ರಚನೆ ಗ್ಯಾರಿ ಮಾರ್ಷಲ್ ಮತ್ತು ಜೆ. ಎಫ್. ಲಾಟನ್ ಅವರದು. ಗೀತರಚನೆ ಹಾಗೂ ಸಂಗೀತ ಬ್ರಯಾನ್ ಆಡಮ್ಸ್ ಮತ್ತು ಜಿಮ್ ವ್ಯಾಲೆನ್ಸ್ ಅವರದು. ನಿರ್ದೇಶನ, ನೃತ್ಯ ಸಂಯೋಜನೆ ಜೆರ್ರಿ ಮಿಚೆಲ್ ಅವರದು. 2018ರಲ್ಲಿ ಷಿಕಾಗೋದಲ್ಲಿ ಮೊದಲು ರಂಗವೇರಿ, ಅದೇ ವರ್ಷ ನ್ಯೂಯಾರ್ಕಿನ ಬ್ರಾಡ್‌ವೇ ಸೇರಿತು. ಅಲ್ಲಿ ಒಂದು ವರ್ಷ ನಡೆದು ನಿಂತಿತಾದರೂ ಹ್ಯಾಂಬರ್ಗ್, ಲಂಡನ್‌ಗಳಲ್ಲಿ ಪ್ರಯೋಗಗೊಂಡು, ಮುಂದೆ ಸಂಚಾರಿ ನಾಟಕವಾಗಿ ಅಮೆರಿಕ ಮತ್ತು ಬ್ರಿಟನ್ನಿನ ಅನೇಕ ನಗರಗಳನ್ನು ತಲುಪಿತು.

ಮೂಲ ಚಲನಚಿತ್ರ

ಲಾಸ್ ಏಂಜಲೀಸಿನ ಹಾಲಿವುಡ್ ಬೂಲೆವಾರ್ಡಿನಲ್ಲಿ ಲೈಂಗಿಕ ವೃತ್ತಿಯಿಂದ ಬದುಕುವ ವಿವಿಯನ್ ವಾರ್ಡ್, ಕಷ್ಟದಲ್ಲಿರುವ ಕಂಪನಿಗಳನ್ನು ಕೊಂಡು ಬಿಡಿಬಿಡಿಯಾಗಿ ಮಾರಿ ಲಾಭ ಗಳಿಸುವ ಎಡ್ವರ್ಡ್ ಲೂಯಿಸ್ – ಇವರಿಬ್ಬರು ಒಂದು ವಾರ ಜೊತೆಗಿರಲು ಒಪ್ಪಂದ ಮಾಡಿಕೊಳ್ಳುವುದು ಕಥೆಯ ಎಳೆ. ಅದಕ್ಕೆ ಗೊತ್ತುಮಾಡಿದ ಹಣ 3000 ಡಾಲರ್. ಲಾಟನ್ ಬರೆದ ಮೊದಲ ಚಿತ್ರಕಥೆಯ ಹೆಸರೂ ‘3000’ ಎಂದೇ ಇತ್ತು. ಆ ಬರಹದಲ್ಲಿ ಪ್ರೇಮವಿಜಯವಿರಲಿಲ್ಲ. ವಾರ ಮುಗಿದ ಮೇಲೆ ಇಬ್ಬರೂ ಬೇರೆಯಾಗುವ ಕಹಿ ಮುಕ್ತಾಯವಿತ್ತು. ಡಿಸ್ನಿ ಸಂಸ್ಥೆಯ ಟಚ್‌ಸ್ಟೋನ್ ವಿಭಾಗದ ಕೈಗೆ ಬಂದ ಮೇಲೆ ಗ್ಯಾರಿ ಮಾರ್ಷಲ್ ನಿರ್ದೇಶನದಲ್ಲಿ ಅದು ತಿಳಿಹಾಸ್ಯದ ಪ್ರೇಮಕಥೆಯಾಯಿತು. 1990ರ ಮಾರ್ಚ್ 23ರಂದು ತೆರೆಕಂಡ ಚಿತ್ರ ಜಗತ್ತಿನಾದ್ಯಂತ 46 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ನಾಯಕಿ ಜೂಲಿಯಾ ರಾಬರ್ಟ್ಸ್ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಪಡೆದು, ಆಸ್ಕರ್‌ಗೂ ನಾಮನಿರ್ದೇಶನಗೊಂಡರು. ನಾಯಕ ರಿಚರ್ಡ್ ಗೇರ್.

ಕಥೆಯ ವಂಶಾವಳಿ ಹಳೆಯದು. ಬೀದಿಯ ಹುಡುಗಿ ಸಿರಿವಂತರ ನಡೆನುಡಿ ಕಲಿಯುವ ಪ್ರಸಂಗ ಬರ್ನಾರ್ಡ್ ಷಾ ಅವರ ‘ಪಿಗ್ಮೇಲಿಯನ್’ ನಾಟಕವನ್ನು ನೆನಪಿಸುತ್ತದೆ. ಆ ನಾಟಕವೂ 1956ರಲ್ಲಿ ‘ಮೈ ಫೇರ್ ಲೇಡಿ’ ಎಂಬ ಸಂಗೀತ ನಾಟಕವಾಗಿತ್ತು. ಎಡ್ವರ್ಡ್ ವಿವಿಯನ್‌ಳನ್ನು ಕರೆದೊಯ್ಯುವುದು ವರ್ಡಿಯ ‘ಲಾ ಟ್ರಾವಿಯಾಟ’ ಆಪೆರಾಕ್ಕೆ. ಅದರ ನಾಯಕಿ ವಯೊಲೆಟಾ ಕೂಡ ಸಮಾಜ ಒಪ್ಪದ ವೃತ್ತಿಯವಳು, ಪ್ರೀತಿಸಿ ನೊಂದವಳು.

ರಂಗರೂಪ

ಚಿತ್ರವನ್ನು ರಂಗಕ್ಕೆ ತರುವ ಕೆಲಸದಲ್ಲಿ ಮಾರ್ಷಲ್ ಸ್ವತಃ ತೊಡಗಿದ್ದರು. ಚಿತ್ರಕಥೆಗಾರ ಲಾಟನ್ ಜೊತೆ ಕೂಡಿ ನಾಟಕವನ್ನು ಬರೆದ ಅವರು, ಅದು ರಂಗವೇರುವುದನ್ನು ಕಾಣದೆ 2016ರ ಜುಲೈನಲ್ಲಿ ತೀರಿಕೊಂಡರು. ಮೂಲ ಕರ್ತೃಗಳೇ ಬರೆದುದರಿಂದ ನಾಟಕ ಚಿತ್ರಕ್ಕೆ ಬಹಳ ನಿಷ್ಠವಾಗಿ ಉಳಿಯಿತು. ರೋಡಿಯೊ ಡ್ರೈವಿನ ಅಂಗಡಿಯಲ್ಲಿ ವಿವಿಯನ್‌ಗೆ ಆಗುವ ಅವಮಾನ, ಕೆಂಪು ಗೌನು, ಒಡವೆಯ ಪೆಟ್ಟಿಗೆ ಪಟ್ಟನೆ ಮುಚ್ಚಿದಾಗಿನ ನಗು – ಪ್ರೇಕ್ಷಕರು ಕಾದಿರುವ ದೃಶ್ಯಗಳೆಲ್ಲ ಇಲ್ಲಿವೆ.

ಮಾಡಿದ ಬದಲಾವಣೆಗಳಲ್ಲಿ ಮುಖ್ಯವಾದುದು ಒಂದು. ಚಿತ್ರದಲ್ಲಿ ಬೀದಿಯಲ್ಲಿ ಸುಳಿದುಹೋಗುವ ‘ಹ್ಯಾಪಿ ಮ್ಯಾನ್’ ಇಲ್ಲಿ ಸೂತ್ರಧಾರನಾಗುತ್ತಾನೆ. ಅದೇ ನಟ, ಎಡ್ವರ್ಡ್ ಮತ್ತು ವಿವಿಯನ್ ತಂಗುವ ಹೋಟೆಲಿನ ವ್ಯವಸ್ಥಾಪಕ ಥಾಂಪ್ಸನ್ ಪಾತ್ರವನ್ನೂ ಆಡುತ್ತಾನೆ. ಹೋಟೆಲಿನ ಸಹಾಯಕ ಹುಡುಗ ಜೂಲಿಯೊ, ವಿವಿಯನ್‌ಳ ಗೆಳತಿ ಕಿಟ್ ಡಿ ಲೂಕಾ ಪಾತ್ರಗಳೂ ಹಾಡು, ಕುಣಿತ, ಹಾಸ್ಯಗಳಿಂದ ಹಿಗ್ಗಿದವು.

ಸಂಗೀತ ಮತ್ತು ರಂಗಸಜ್ಜಿಕೆ

ಕೆನಡಾದ ರಾಕ್ ಗಾಯಕ ಬ್ರಯಾನ್ ಆಡಮ್ಸ್, ಬೆಂಗಳೂರಿನಲ್ಲೂ ಕಛೇರಿ ನಡೆಸಿ ಇಲ್ಲಿನ ಕೇಳುಗರಿಗೆ ಪರಿಚಿತರು. ವ್ಯಾಲೆನ್ಸ್ ಅವರೊಡನೆ ಅವರ ಗೀತರಚನೆಯ ಜೊತೆಗಾರಿಕೆ 1978ರಷ್ಟು ಹಿಂದಿನದು. ‘ಸಮರ್ ಆಫ್ 69’ ಇಬ್ಬರ ಕೃತಿ. ನಾಟಕದ ಹಾಡುಗಳು 1980ರ ದಶಕದ ರಾಕ್ ಮತ್ತು ಪಾಪ್ ಧಾಟಿಯಲ್ಲೇ ಇವೆ. ಆಪೆರಾ ದೃಶ್ಯದಲ್ಲಿ ವರ್ಡಿಯ ಸಂಗೀತವೂ ಎಡ್ವರ್ಡ್‌ನ ‘ಯೂ ಅಂಡ್ ಐ’ ಹಾಡೂ ಹೆಣೆದುಕೊಳ್ಳುತ್ತವೆ. ನಾಟಕದ ಸಂಗೀತ ತನ್ನ ಸಾಮರ್ಥ್ಯವನ್ನು ಪೂರ್ತಿ ತೋರುವ ಜಾಗ ಇದೇ. ಚಿತ್ರಕ್ಕೆ ಹೆಸರು ಕೊಟ್ಟ, ರಾಯ್ ಆರ್ಬಿಸನ್ 1964ರಲ್ಲಿ ಹಾಡಿದ ಗೀತೆ ಆರಂಭದ ಪ್ರಯೋಗಗಳಲ್ಲಿ ಇರಲಿಲ್ಲ. ಪ್ರೇಕ್ಷಕರು ಅದಕ್ಕಾಗಿ ಕಾಯುವುದು ಸಹಜವಾಗಿತ್ತು. ಮುಂದೆ ಅದನ್ನೂ ಸೇರಿಸಿಕೊಳ್ಳಲಾಯಿತು.

ಡೇವಿಡ್ ರಾಕ್‌ವೆಲ್ ಅವರ ರಂಗಸಜ್ಜಿಕೆ ತಾಳೆಮರಗಳು, ಕಟ್ಟಡಗಳ ರೇಖಾರೂಪ ಹಾಗೂ ಕ್ಯಾಲಿಫೋರ್ನಿಯದ ಸಂಜೆಬಾನಿನಿಂದ ಕೂಡಿತ್ತು. ವಸ್ತ್ರವಿನ್ಯಾಸ ಗ್ರೆಗ್ ಬಾರ್ನ್ಸ್ ಅವರದು.

ಬ್ರಾಡ್‌ವೇ

2018ರ ಮಾರ್ಚ್–ಏಪ್ರಿಲ್‌ನಲ್ಲಿ ಷಿಕಾಗೋದ ಓರಿಯೆಂಟಲ್ ಥಿಯೇಟರಿನಲ್ಲಿ ಪೂರ್ವಭಾವಿ ಪ್ರಯೋಗ ನಡೆಯಿತು. ಅಲ್ಲಿ ಎಡ್ವರ್ಡ್ ಆಗಿದ್ದವರು ಸ್ಟೀವ್ ಕಜೀ. ನ್ಯೂಯಾರ್ಕಿನಲ್ಲಿ ಆ ಪಾತ್ರ ಆಂಡಿ ಕಾರ್ಲ್ ಅವರದಾಯಿತು. ವಿವಿಯನ್ ಆಗಿ ಬ್ರಿಟಿಷ್ ನಟಿ ಸಮಾಂತಾ ಬಾರ್ಕ್ಸ್, ಕಿಟ್ ಆಗಿ ಓರ್ಫೆ ಹಾಡಿದರು. ನೆಡರ್‌ಲ್ಯಾಂಡರ್ ಥಿಯೇಟರಿನಲ್ಲಿ ಆಗಸ್ಟ್ 16ರಂದು ಅಧಿಕೃತವಾಗಿ ಆರಂಭವಾದ ನಾಟಕ 2019ರ ಆಗಸ್ಟ್ 18ರಂದು, 420 ಪ್ರದರ್ಶನಗಳ ಬಳಿಕ ಮುಗಿಯಿತು.

ವಿಮರ್ಶಕರ ಪ್ರತಿಕ್ರಿಯೆ ತಣ್ಣಗಿತ್ತು. 2017ರ ‘ಮೀ ಟೂ’ ಚಳವಳಿಯ ಬಿಸಿ ಆರಿರದ ಹೊತ್ತಿನಲ್ಲಿ, ಹಣವಂತ ಗಂಡಸು ಬಡ ಹೆಣ್ಣನ್ನು ಮೇಲೆತ್ತುವ ಕಥೆಯನ್ನು ಹೆಚ್ಚು ಪ್ರಶ್ನಿಸದೆ ಮತ್ತೆ ಹೇಳಿದ್ದು ಮುಖ್ಯ ಆಕ್ಷೇಪ. ಟೋನಿ ಪ್ರಶಸ್ತಿಗೆ ಒಂದೂ ನಾಮನಿರ್ದೇಶನ ಬರಲಿಲ್ಲ. ಕಲಾವಿದರ ಗಾಯನಕ್ಕೆ, ವಿಶೇಷವಾಗಿ ಬಾರ್ಕ್ಸ್ ಮತ್ತು ಓರ್ಫೆ ಅವರಿಗೆ ಮೆಚ್ಚುಗೆ ಸಂದಿತು.

ಯುರೋಪಿನ ಪ್ರಯೋಗಗಳು

2019ರ ಸೆಪ್ಟೆಂಬರ್‌ನಲ್ಲಿ ಹ್ಯಾಂಬರ್ಗಿನ ‘ಥಿಯೇಟರ್ ಆನ್ ಡೆರ್ ಎಲ್ಬೆ’ಯಲ್ಲಿ ಜರ್ಮನ್ ಭಾಷೆಯ ಪ್ರಯೋಗ ಆರಂಭವಾಯಿತು. 2020ರ ಫೆಬ್ರವರಿಯಲ್ಲಿ ಲಂಡನ್ನಿನ ಪಿಕಡಿಲಿ ಥಿಯೇಟರಿನಲ್ಲಿ ಏಮಿ ಅಟ್ಕಿನ್ಸನ್, ಡ್ಯಾನಿ ಮ್ಯಾಕ್ ಜೋಡಿಯಾಗಿ ನಾಟಕ ತೆರೆಯಿತು. ಆದರೆ ಕೋವಿಡ್ ಕಾರಣ ಮಾರ್ಚ್‌ನಲ್ಲೇ ಲಂಡನ್ನಿನ ರಂಗಮಂದಿರಗಳೆಲ್ಲ ಮುಚ್ಚಿದವು. 2021ರ ಜುಲೈನಲ್ಲಿ ಸವಾಯ್ ಥಿಯೇಟರಿನಲ್ಲಿ ಮರಳಿ ಆರಂಭವಾಗಿ 2023ರ ಜೂನ್‌ವರೆಗೆ, ಅಂದರೆ ಬ್ರಾಡ್‌ವೇಗಿಂತ ಹೆಚ್ಚು ಕಾಲ ನಡೆಯಿತು.

ಸಂಚಾರಿ ಪ್ರಯೋಗಗಳು

ಅಮೆರಿಕದ ಪ್ರವಾಸ 2021ರ ಅಕ್ಟೋಬರ್‌ನಲ್ಲಿ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸಿನಿಂದ ಹೊರಟಿತು. ಆ ರಾಜ್ಯ ರಂಗನಿರ್ಮಾಣಗಳಿಗೆ ತೆರಿಗೆ ರಿಯಾಯಿತಿ ನೀಡುವುದರಿಂದ ಹಲವು ಸಂಚಾರಿ ನಾಟಕಗಳು ತಾಲೀಮು ಮುಗಿಸಿ ಅಲ್ಲಿಂದಲೇ ಹೊರಡುತ್ತವೆ. ಗಾಯಕ ಫ್ರಾಂಕಿ ವ್ಯಾಲಿಯ ಮೊಮ್ಮಗಳು ಒಲಿವಿಯಾ ವ್ಯಾಲಿ ವಿವಿಯನ್ ಆದರು. ಎಡ್ವರ್ಡ್ ಆದ ಆಡಮ್ ಪಾಸ್ಕಲ್, 1996ರಲ್ಲಿ ಇದೇ ನೆಡರ್‌ಲ್ಯಾಂಡರ್ ಥಿಯೇಟರಿನಲ್ಲಿ ‘ರೆಂಟ್’ ನಾಟಕದಿಂದ ಹೆಸರಾದವರು. ಬ್ರಿಟನ್ನಿನ ಪ್ರವಾಸ 2023ರ ಅಕ್ಟೋಬರ್‌ನಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಶುರುವಾಯಿತು. ಆಂಬರ್ ಡೇವಿಸ್, ಆಲಿವರ್ ಸ್ಯಾವಿಲ್ ಮುಖ್ಯ ಪಾತ್ರದಲ್ಲಿದ್ದರು.

ಸಂಚಾರಿ ತಂಡ ಒಂದು ಊರಿನಲ್ಲಿ ನಿಲ್ಲುವುದು ಸಾಮಾನ್ಯವಾಗಿ ಒಂದೆರಡು ವಾರ. ಮಾತು ಬಾಯಿಂದ ಬಾಯಿಗೆ ಹರಡಿ ಮಂದಿ ಸೇರುವಷ್ಟು ಕಾಲಾವಕಾಶವಿಲ್ಲದೆಡೆ, ಜನರಿಗೆ ಮೊದಲೇ ಗೊತ್ತಿರುವ ಕಥೆ ಟಿಕೆಟ್ ಮಾರುತ್ತದೆ. ನ್ಯೂಯಾರ್ಕಿನ ವಿಮರ್ಶಕರು ಕೊರತೆಯೆಂದು ಕಂಡ ಮೂಲನಿಷ್ಠೆಯೇ ಪ್ರವಾಸದಲ್ಲಿ ಬಂಡವಾಳವಾಯಿತು.

ಸ್ಥಾನ

ಜನಪ್ರಿಯ ಚಿತ್ರಗಳನ್ನು ಸಂಗೀತ ನಾಟಕವಾಗಿಸುವ ಪದ್ಧತಿ ಬ್ರಾಡ್‌ವೇಯಲ್ಲಿ ಗಟ್ಟಿಯಾಗಿ ನೆಲೆಸಿದ ಕಾಲದ ಕೃತಿ ಇದು. ಮಿಚೆಲ್ ಅವರೇ ಮೊದಲು ‘ಲೀಗಲಿ ಬ್ಲಾಂಡ್’ (2007), ‘ಕಿಂಕಿ ಬೂಟ್ಸ್’ (2013) ಚಿತ್ರಗಳನ್ನು ಬ್ರಾಡ್‌ವೇ ರಂಗಕ್ಕೆ ತಂದಿದ್ದರು. ಅವುಗಳ ಪಕ್ಕದಲ್ಲಿ ‘ಪ್ರೆಟಿ ವುಮನ್’ ಹೊಸ ದಾರಿ ಹಾಕಿದ ನಾಟಕವಲ್ಲ. ಕಥೆಯನ್ನು ಇಂದಿನ ಕಣ್ಣಿನಿಂದ ಮರುನೋಡುವ ಅವಕಾಶವನ್ನು ಅದು ಕೈಬಿಟ್ಟಿತು. ಆದರೂ ಬ್ರಾಡ್‌ವೇಯ ತೀರ್ಪೇ ಒಂದು ಸಂಗೀತ ನಾಟಕದ ಆಯುಸ್ಸನ್ನು ನಿರ್ಧರಿಸುವುದಿಲ್ಲ ಎಂಬುದಕ್ಕೆ ಇದರ ಇತಿಹಾಸ ಒಳ್ಳೆಯ ನಿದರ್ಶನ.